ಹಸಿದವರ ಸಂಗೀತ ಮತ್ತು ಹಸಿವೆಂಬ ಅಸ್ತ್ರ

1942ರ ಆಗಸ್ಟ್ 9ರಂದು ಲೆನಿನ್‌ಗ್ರಾಡ್ ನಗರದಲ್ಲಿ ನಡೆದ ಸಂಗೀತ ಕಛೇರಿಯೊಂದನ್ನು ಜಗತ್ತು ಇಂದಿಗೂ ಕೊಂಡಾಡುತ್ತಿದೆ. ಜರ್ಮನ್ ಸೇನೆ ನಗರವನ್ನು ಸುತ್ತುವರಿದು ಆಗ ಹನ್ನೊಂದು ತಿಂಗಳಾಗಿತ್ತು. ಷೋಸ್ತಕೋವಿಚ್ ರಚಿಸಿದ ಏಳನೆಯ ಸಿಂಫನಿಯನ್ನು ನುಡಿಸಲು ಸುಮಾರು ನೂರು ವಾದಕರು ಬೇಕಿದ್ದರು. ಆದರೆ ರೇಡಿಯೋ ವಾದ್ಯವೃಂದದಲ್ಲಿ ನುಡಿಸುವ ಶಕ್ತಿ ಉಳಿದಿದ್ದುದು ಹದಿನೈದು ಮಂದಿಗೆ ಮಾತ್ರ. ಮೊದಲ ತಾಲೀಮು ಹದಿನೈದೇ ನಿಮಿಷಕ್ಕೆ ನಿಂತಿತು. ಕಹಳೆ ಊದುವವರಲ್ಲಿ ಉಸಿರಿರಲಿಲ್ಲ. ನಿರ್ವಾಹಕ ಕಾರ್ಲ್ ಎಲಿಯಾಸ್‌ಬರ್ಗ್ ಸ್ವತಃ ಹಸಿವಿನಿಂದ ಕೃಶರಾಗಿದ್ದರು. ಡ್ರಮ್ ವಾದಕ ಝವ್ದತ್ ಐದರೋವ್ ಸತ್ತರೆಂದು ಶವಾಗಾರಕ್ಕೆ ಸಾಗಿಸಲಾಗಿತ್ತೆಂದೂ, ಅವರ ಬೆರಳುಗಳು ಅಲುಗಿದ್ದನ್ನು ಎಲಿಯಾಸ್‌ಬರ್ಗ್ ಗುರುತಿಸಿದರೆಂದೂ ಅಲ್ಲಿನವರು ಹೇಳುತ್ತಾರೆ. ಕೊನೆಗೆ ಸೇನಾ ತುಕಡಿಗಳಿಂದ ವಾದಕರನ್ನು ಕರೆಸಿ, ಹೆಚ್ಚಿನ ಪಡಿತರ ಕೊಟ್ಟು ಕಛೇರಿ ನಡೆಸಲಾಯಿತು. ಧ್ವನಿವರ್ಧಕಗಳ ಮೂಲಕ ಅದು ಶತ್ರುವಿನ ಕಂದಕಗಳಿಗೂ ತಲುಪಿತು.

ಈ ಸ್ಥೈರ್ಯಕ್ಕೆ ತಲೆಬಾಗದವರಾರು? ಆದರೆ ಸಂಗೀತವನ್ನು ಹೊಗಳುವ ಭರದಲ್ಲಿ ನಾವು ಹಸಿವನ್ನು ಮರೆಯುತ್ತಿದ್ದೇವೆ. ಆ ಹಸಿವು ಬರಗಾಲದಿಂದ ಬಂದುದಲ್ಲ. ನಗರವನ್ನು ಭೂಪಟದಿಂದಲೇ ಅಳಿಸಬೇಕು, ಶರಣಾದರೂ ಸ್ವೀಕರಿಸಬಾರದು ಎಂಬುದು 1941ರ ಸೆಪ್ಟೆಂಬರ್‌ನಲ್ಲೇ ಹಿಟ್ಲರನ ಆಡಳಿತ ಕೈಗೊಂಡ ತೀರ್ಮಾನವಾಗಿತ್ತು. ಅದೇ ವರ್ಷದ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೂ ಅವಲಂಬಿತರಿಗೂ ಸಿಕ್ಕಿದ್ದು ದಿನಕ್ಕೆ 125 ಗ್ರಾಂ ಬ್ರೆಡ್ ಮಾತ್ರ. ಅದರಲ್ಲೂ ಹಿಟ್ಟಿಗಿಂತ ಬೆರಕೆಯೇ ಎದ್ದು ಕಾಣುತ್ತಿತ್ತು. 872 ದಿನಗಳ ಮುತ್ತಿಗೆಯಲ್ಲಿ ಹಲವು ಲಕ್ಷ ನಾಗರಿಕರು ಪ್ರಾಣ ತೆತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಹಸಿವು.

ನ್ಯಾಯ ಸಿಕ್ಕಿತೇ? ಆರಂಭದಲ್ಲಿ ಮುತ್ತಿಗೆಯ ನೇತೃತ್ವ ವಹಿಸಿದ್ದ ಫೀಲ್ಡ್ ಮಾರ್ಷಲ್ ಫಾನ್ ಲೀಬ್‌ನನ್ನು 1948ರಲ್ಲಿ ನ್ಯೂರೆಂಬರ್ಗ್‌ನ ಅಮೆರಿಕನ್ ನ್ಯಾಯಮಂಡಳಿ ವಿಚಾರಿಸಿತು. ನಗರ ಬಿಟ್ಟು ಹೊರಟ ನಾಗರಿಕರ ಮೇಲೆ ಫಿರಂಗಿ ಹಾರಿಸುವ ಆದೇಶ ಅಂದಿನ ಯುದ್ಧ ಕಾನೂನಿನಂತೆ ಅಪರಾಧವಲ್ಲ ಎಂದು ಅದು ವಿಷಾದದಿಂದಲೇ ತೀರ್ಪಿತ್ತಿತು. ಬೇರೊಂದು ಆರೋಪದಲ್ಲಿ ಅವನಿಗೆ ದೊರೆತದ್ದು ಮೂರು ವರ್ಷಗಳ ಸಜೆ!

ಸ್ವಂತ ಸರ್ಕಾರವಾದರೂ ಈ ಜನರನ್ನು ಗೌರವಿಸಿತೇ? ಮುತ್ತಿಗೆಯ ಕಾಲದಲ್ಲಿ ನಗರದ ಪಕ್ಷದ ಮುಖ್ಯಸ್ಥನಾಗಿದ್ದ ಝ್ದಾನೋವ್‌ನೇ ಅದೇ 1948ರಲ್ಲಿ ಷೋಸ್ತಕೋವಿಚ್ ವಿರುದ್ಧದ ಖಂಡನೆಯ ಮುಂದಾಳಾದ. ಮುತ್ತಿಗೆಯ ನೆನಪಿನ ವಸ್ತುಸಂಗ್ರಹಾಲಯವನ್ನು 1949ರಲ್ಲಿ ಮುಚ್ಚಲಾಯಿತು. ಸಂಗೀತ ಪ್ರಭುತ್ವಕ್ಕೆ ಬೇಕಾಗಿತ್ತು. ಸಂಗೀತಗಾರನೂ ಬೇಡವಾದ, ಸತ್ತವರ ನೆನಪೂ ಬೇಡವಾಯಿತು.

ನಾಗರಿಕರನ್ನು ಹಸಿವಿಗೆ ದೂಡುವುದನ್ನು ಯುದ್ಧತಂತ್ರವಾಗಿ ಬಳಸಬಾರದೆಂದು ಜಿನೀವಾ ಒಪ್ಪಂದಗಳ ಪೂರಕ ಒಡಂಬಡಿಕೆ ಸ್ಪಷ್ಟವಾಗಿ ನಿಷೇಧಿಸಿದ್ದು 1977ರಲ್ಲಿ. ನಮ್ಮ ದೇಶ ಅದನ್ನು ಈವರೆಗೂ ಒಪ್ಪಿಕೊಂಡಿಲ್ಲ ಎಂಬುದು ನಾವು ಯೋಚಿಸಬೇಕಾದ ಸಂಗತಿ. ಜಗತ್ತಿನಲ್ಲಿ ಆ ನಿಷೇಧ ಎಷ್ಟರಮಟ್ಟಿಗೆ ಪಾಲನೆಯಾಗಿದೆ? ಸಿರಿಯಾದ ಮದಾಯಾ ಪಟ್ಟಣದಲ್ಲಿ 2015-16ರಲ್ಲಿ ಜನರನ್ನು ಹಸಿವಿಗೆ ದೂಡಿದ್ದು ಆ ದೇಶದ್ದೇ ಸರ್ಕಾರ ಮತ್ತು ಅದರ ಮಿತ್ರರು. 2025ರ ಆಗಸ್ಟ್‌ನಲ್ಲಿ ಗಾಝಾದಲ್ಲಿ ಕ್ಷಾಮ ದೃಢಪಟ್ಟಾಗ ಆಹಾರದ ದಾರಿಗೆ ತಡೆಯೊಡ್ಡಿದ್ದು ಇಸ್ರೇಲ್. ಮುತ್ತಿಗೆ ಹಾಕಿದವರ ಧ್ವಜ ನೋಡಿ ನಮ್ಮ ಖಂಡನೆಯ ದನಿ ಏರಿಳಿದರೆ, ಅದು ನ್ಯಾಯದ ದನಿಯಾಗಲಾರದು.

ಹಸಿದವರು ಹಾಡಿದರೆಂದು ಕಣ್ಣೊರೆಸಿಕೊಳ್ಳುವುದು ಸುಲಭ. ಆದರೆ ಲೆನಿನ್‌ಗ್ರಾಡಿನ ಆ ವಾದಕರಿಗೆ ಮೊದಲು ಸಲ್ಲಬೇಕಾಗಿದ್ದುದು ಚಪ್ಪಾಳೆಯಲ್ಲ, ರೊಟ್ಟಿ. ಇನ್ನೊಂದು ನಗರದ ಜನರು ಅಂಥ ಧೈರ್ಯ ತೋರಬೇಕಾದ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.