ದುಬಾರಿ ಕಾರು, ಅಗ್ಗದ ವಿಮೆ: ಬೆಲೆ ತೆರುವವರು ಯಾರು?

2020ರ ಫೆಬ್ರುವರಿಯಲ್ಲಿ ಹೊಸಪೇಟೆ ಸಮೀಪದ ಮರಿಯಮ್ಮನಹಳ್ಳಿಯಲ್ಲಿ ಸಂಭವಿಸಿದ ಅಪಘಾತ ಓದುಗರಿಗೆ ನೆನಪಿರಬಹುದು. ಹಂಪಿಯಿಂದ ಬೆಂಗಳೂರಿನತ್ತ ಹೊರಟಿದ್ದ ಐಷಾರಾಮಿ ಬೆಂಜ್ ಕಾರೊಂದು ರಸ್ತೆ ಬದಿಯಲ್ಲಿದ್ದ ಸ್ಥಳೀಯ ಯುವಕನಿಗೆ ಅಪ್ಪಳಿಸಿತು. ಆತನೂ, ಕಾರಿನಲ್ಲಿದ್ದವರ ಪೈಕಿ ಒಬ್ಬನೂ ಮೃತಪಟ್ಟರು. ಕಾರು ಓಡಿಸುತ್ತಿದ್ದವರು ಯಾರು ಎಂಬುದರ ಸುತ್ತಲೇ ಆಗ ಚರ್ಚೆ ನಡೆಯಿತು. ಅಂಥ ವಾಹನ ರಸ್ತೆಗಿಳಿದಾಗ ಅದರ ಅಪಾಯದ ಬೆಲೆಯನ್ನು ಯಾರು, ಎಷ್ಟು ತೆರುತ್ತಾರೆ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಸಂಡೂರು–ಹೊಸಪೇಟೆ ಸೀಮೆಗೆ ದುಬಾರಿ ಕಾರುಗಳು ಹೊಸತಲ್ಲ. ಅದಿರಿನ ಬೆಲೆ ಗಗನಕ್ಕೇರಿದ ಕಾಲದಲ್ಲಿ ಕೆಂಪು ದೂಳಿನ ರಸ್ತೆಗಳಲ್ಲೇ ಅವು ಓಡಾಡಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿದ ಮೇಲೆ ಆ ಅಬ್ಬರ ಇಳಿಯಿತು. ಈಗ ಹಂಪಿಯ ಸೆಳೆತ ಮತ್ತು ವಿಶಾಲ ಹೆದ್ದಾರಿ ರಾಜಧಾನಿಯ ವೇಗದ ಕಾರುಗಳನ್ನು ಇತ್ತ ಕರೆತರುತ್ತಿವೆ.

ಇಂಥ ಕಾರು ಕೊಂಡವರ ಮೊದಲ ಚಿಂತೆ ವಿಮೆ. ಅದರಲ್ಲಿ ಎರಡು ಭಾಗಗಳಿವೆ. ಒಂದು, ಕಾರಿಗಾಗುವ ಹಾನಿಯದು, ಇದು ಐಚ್ಛಿಕ. ಇನ್ನೊಂದು, ಕಾರಿನಿಂದ ಇತರರಿಗಾಗುವ ಹಾನಿಯದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ‘ಥರ್ಡ್ ಪಾರ್ಟಿ’ ವಿಮೆ ಕಡ್ಡಾಯ. ಮೊದಲನೆಯದರ ದರ 2007ರ ಜನವರಿಯಿಂದ ಸರ್ಕಾರಿ ನಿಯಂತ್ರಣದಿಂದ ಮುಕ್ತವಾಗಿದ್ದು, ಕಾರಿನ ಘೋಷಿತ ಮೌಲ್ಯವನ್ನು ಅವಲಂಬಿಸಿದೆ. ನೂರಕ್ಕೆ ಒಂದು ರೂಪಾಯಿ ದರ ಎಂದಿಟ್ಟುಕೊಂಡರೂ 4 ಕೋಟಿ ರೂಪಾಯಿಯ ಕಾರಿಗೆ ವರ್ಷಕ್ಕೆ 4 ಲಕ್ಷ ಕಟ್ಟಬೇಕು. ಬಿಡಿಭಾಗಗಳು ವಿದೇಶದಿಂದ ಬರಬೇಕು, ದುರಸ್ತಿ ಬಲ್ಲ ಕಾರ್ಯಾಗಾರಗಳು ವಿರಳ. ಆದ್ದರಿಂದ ವಿಮಾ ಕಂಪೆನಿಗಳು ಹಿಂಜರಿಯುವುದು ಸಹಜ.

ಈ ಹೊರೆ ಇಳಿಸಿಕೊಳ್ಳಲು ನ್ಯಾಯಯುತ ದಾರಿಗಳಿವೆ. ನಷ್ಟದ ಮೊದಲ ಪಾಲನ್ನು ತಾನೇ ಭರಿಸುವುದಾಗಿ ಮಾಲೀಕ ಒಪ್ಪಿದರೆ ಕಂತು ಇಳಿಯುತ್ತದೆ. ಸತತ ಐದು ವರ್ಷ ಪರಿಹಾರ ಕೇಳದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ 50ರಷ್ಟು ರಿಯಾಯಿತಿ ಸಿಗುತ್ತದೆ. ಓಡಿದ ದೂರಕ್ಕೆ ತಕ್ಕಂತೆ ಕಂತು ಕಟ್ಟುವ ಸೌಲಭ್ಯಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಅನುಮತಿ ನೀಡಿತು. ವಾರಾಂತ್ಯಕ್ಕಷ್ಟೇ ಹೊರಬರುವ ಕಾರುಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಆದರೆ ಅಡ್ಡದಾರಿಗಳ ಆಕರ್ಷಣೆಯೂ ಕಡಿಮೆಯಲ್ಲ. ಕಾರಿನ ಮೌಲ್ಯವನ್ನು ಕಡಿಮೆ ತೋರಿಸಿದರೆ ಕಂತು ಉಳಿಯುತ್ತದೆ, ನಿಜ. ಕಾರು ಪೂರ್ತಿ ನಾಶವಾದಾಗ ಕೈಸೇರುವುದೂ ಅಷ್ಟೇ. ಪರವಾನಗಿ ಇಲ್ಲದವನ ಕೈಗೆ ಕಾರು ಕೊಟ್ಟರೆ ಕಂಪೆನಿ ಸಂತ್ರಸ್ತರಿಗೆ ಪರಿಹಾರ ನೀಡಿ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ತೆರಿಗೆಯಲ್ಲೂ ಇದೇ ಮನೋಭಾವ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ನೋಂದಣಿಯಾಗಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಫೆರಾರಿಯೊಂದರ ಮಾಲೀಕರಿಂದ ಸಾರಿಗೆ ಇಲಾಖೆ 2025ರ ಜುಲೈನಲ್ಲಿ ಸುಮಾರು 1.42 ಕೋಟಿ ರೂಪಾಯಿ ವಸೂಲು ಮಾಡಿತು.

ನಿಜವಾದ ಅಸಂಗತಿ ಇರುವುದು ವಿಮೆಯ ಎರಡನೇ ಭಾಗದಲ್ಲಿ. ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,500 ಸಿಸಿ ಮೀರಿದ ಎಲ್ಲ ಖಾಸಗಿ ಕಾರುಗಳಿಗೂ ವರ್ಷಕ್ಕೆ 7,897 ರೂಪಾಯಿ. ಸಂಸಾರ ಸಮೇತ ತಿರುಪತಿಗೆ ಹೋಗುವವರ ಇನ್ನೋವಾಕ್ಕೂ, 6,000 ಸಿಸಿ ಮೀರಿದ ಹನ್ನೆರಡು ಸಿಲಿಂಡರ್‌ಗಳ ಫೆರಾರಿಗೂ ಒಂದೇ ದರ! ಅಂದರೆ, ತನ್ನ ಕಾರಿಗಾಗುವ ಗೀರಿಗೆ ಲಕ್ಷಗಳಲ್ಲಿ ಕಂತು ಕಟ್ಟುವ ಮಾಲೀಕ, ರಸ್ತೆ ಬದಿಯ ಜೀವದ ಹೊಣೆಗೆ ಕಟ್ಟುವುದು ಎಂಟು ಸಾವಿರಕ್ಕೂ ಕಡಿಮೆ.

ಪರಿಹಾರದ ಲೆಕ್ಕವನ್ನೂ ನೋಡಬೇಕು. ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಸೂತ್ರ ಮೃತರ ಆದಾಯವನ್ನೇ ಆಧರಿಸಿದೆ. ತಿಂಗಳಿಗೆ 12,000 ರೂಪಾಯಿ ದುಡಿಯುವ, ಸ್ವಂತ ಉದ್ಯೋಗದ ಇಪ್ಪತ್ತರ ಅವಿವಾಹಿತನ ಉದಾಹರಣೆ ತೆಗೆದುಕೊಳ್ಳೋಣ. ಭವಿಷ್ಯದ ಗಳಿಕೆಗೆಂದು ಶೇ 40 ಸೇರಿಸಿ, ಸ್ವಂತ ಖರ್ಚಿಗೆಂದು ಅರ್ಧ ಕಳೆದು, ವಾರ್ಷಿಕ ಮೊತ್ತವನ್ನು 18ರಿಂದ ಗುಣಿಸಿದರೆ ಸುಮಾರು 18 ಲಕ್ಷ ರೂಪಾಯಿ. ಇತರ ಬಾಬತ್ತುಗಳಿಂದ ಅಲ್ಪಸ್ವಲ್ಪ ಸೇರಬಹುದು. 4 ಕೋಟಿಯ ಕಾರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು! ಬಡವನ ಪ್ರಾಣ ಅಗ್ಗವಾದಷ್ಟೂ ವಿಮಾ ಕಂಪೆನಿಯ ಹೊಣೆಯೂ ಅಗ್ಗವಾಗುತ್ತದೆ.

ದುಬಾರಿ ಕಾರುಗಳು ಓಡುವುದೇ ಕಡಿಮೆ, ಅವುಗಳಿಗೆ ಹೆಚ್ಚು ದರ ವಿಧಿಸುವುದು ಅನ್ಯಾಯ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹಾಗಾದರೆ ದರವನ್ನು ಕಾರಿನ ಬೆಲೆಗಲ್ಲ, ಎಂಜಿನ್ನಿನ ಶಕ್ತಿಗೆ, ಓಡಿದ ದೂರಕ್ಕೆ ಮತ್ತು ಚಾಲನೆಯ ಚರಿತ್ರೆಗೆ ಜೋಡಿಸಲಿ. ಸಂಚಾರ ನಿಯಮ ಉಲ್ಲಂಘಿಸಿದವರಿಂದ ಹೆಚ್ಚುವರಿ ಕಂತು ಪಡೆಯುವ ಸಲಹೆಯನ್ನು ಪ್ರಾಧಿಕಾರ ನೇಮಿಸಿದ್ದ ಕಾರ್ಯತಂಡವೇ 2021ರಲ್ಲಿ ಮುಂದಿಟ್ಟಿತ್ತು. ಎಚ್ಚರದಿಂದ ಓಡಿಸುವ ಮಾಲೀಕನಿಗೆ ಇದರಿಂದ ಲಾಭವೇ ಆದೀತು. ಜೊತೆಗೆ, ಆದಾಯ ಎಷ್ಟೇ ಕಡಿಮೆಯಿದ್ದರೂ ಪ್ರಾಣಹಾನಿಗೆ ಒಂದು ಗೌರವಯುತ ಕನಿಷ್ಠ ಪರಿಹಾರವನ್ನು ಕಾನೂನು ನಿಗದಿ ಮಾಡಬೇಕು. ತಪ್ಪು ಯಾರದೆಂದು ಸಾಬೀತುಪಡಿಸದೆಯೂ 5 ಲಕ್ಷ ರೂಪಾಯಿ ಪಡೆಯಲು 2019ರ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಆದರೆ ಒಂದು ಕುಟುಂಬದ ಆಸರೆಯೇ ಕುಸಿದಾಗ ಅದು ಏನೇನೂ ಸಾಲದು.

ಕೈಗೆಟಕುವ ವಿಮೆಯನ್ನು ಹುಡುಕುವುದು ಕಾರಿನ ಮಾಲೀಕನ ಹಕ್ಕು. ಆತನಿಗೆ ಉಳಿತಾಯವಾದದ್ದು ಹೆದ್ದಾರಿಯ ಬದಿಯಲ್ಲಿ ನಿಂತವರ ಪಾಲಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.