ಹೊತ್ತಿಗೆಯಲ್ಲಿ ಬರೆಯದ ಮಾತು

ಹಿಂಗಾರಿ ಜೋಳದ ರಾಶಿ ಮುಗಿದು ಕಣಗಳು ಬರಿದಾದ ಮೇಲೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದುಂಟು. ಹೆಳವ ಎಂದರೆ ಕಾಲಿಲ್ಲದವನು. ತಮ್ಮ ಮೂಲಪುರುಷನು ನಡೆಯಲಾರದವನಾಗಿದ್ದು ಎತ್ತನ್ನೇರಿ ಊರೂರು ತಿರುಗಿದನೆಂಬುದು ಅವರಲ್ಲಿ ನಡೆದುಬಂದ ನಂಬಿಕೆ. ಸಿಂಗರಿಸಿದ ಎತ್ತಿನ ಕೊರಳ ಗಂಟೆಯ ದನಿ ಈಗ ಅಪರೂಪವಾಗಿದೆ. ಕೆಲಸ ಮಾತ್ರ ಅದೇ ಉಳಿದಿದೆ. ವಂಶಪಾರಂಪರ್ಯವಾಗಿ ತಮ್ಮ ಪಾಲಿಗೆ ಬಂದ ಮನೆಗಳ ಮುಂದೆ ಕುಳಿತು ಅವರು ಹೊತ್ತಿಗೆಯನ್ನು ಬಿಚ್ಚುತ್ತಾರೆ. ಮನೆತನದ ಮೂಲ ಊರು, ಬೆಡಗು, ತಲೆಮಾರುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಹಿಂದಿನ ಸಲ ಬಂದು ಹೋದ ನಂತರ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳುಕಡಿಯನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ.

ಹೊತ್ತಿಗೆಗೆ ನಡುಗೋಡೆ ಗೊತ್ತಿಲ್ಲ. ಮಾತು ಬಿಟ್ಟು ಎಷ್ಟೋ ವರ್ಷವಾದ ಎರಡು ಮನೆಗಳವರು ಬೇರೆ ಬೇರೆ ಅಂಗಳಗಳಲ್ಲಿ ಕುಳಿತರೂ ಕೇಳುವುದು ಒಂದೇ ಹೆಸರುಗಳನ್ನು. ಮುತ್ತಜ್ಜನವರೆಗೆ ಸಾಲು ಒಂದೇ ಆಗಿ ಬಂದು, ಆತನಿಗೆ ಇಬ್ಬರು ಮಕ್ಕಳೆಂದು ಹೇಳಿ ಕವಲೊಡೆಯುತ್ತದೆ. ಇಬ್ಬರು ಮಕ್ಕಳು ಯಾಕೆ ಬೇರೆಯಾದರು, ಯಾರು ಯಾರ ಮೇಲೆ ಮುನಿದರು ಎಂಬುದನ್ನು ಹೆಳವ ಹೇಳುವುದಿಲ್ಲ. ಅದು ಅವನ ಕೆಲಸವೂ ಅಲ್ಲ. ಕುಟುಂಬದ ಚರಿತ್ರೆಯನ್ನು ಹುಡುಕುವವರ ಕೆಲಸ ಆರಂಭವಾಗುವುದು ಅಲ್ಲಿಂದಲೇ.

ಗಡಿಭಾಗದಲ್ಲಿ ಇಂಥ ಮನೆಗಳು ವಿರಳವಲ್ಲ. ಉದಾಹರಣೆಗಾಗಿ ಒಂದನ್ನು ಕಲ್ಪಿಸಿಕೊಳ್ಳಬಹುದು. 1972ರ ಬರಗಾಲ. ಬಾವಿ ಬತ್ತಿ, ದನಗಳು ಸತ್ತು, ಜನ ಸರಕಾರಿ ಕಾಮಗಾರಿಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದ ಕಾಲ. ಬಿಳಿಜೋಳ ಬೆಳೆದ ನೆಲದವರು ಪರದೇಶದ ಕೆಂಪು ಜೋಳಕ್ಕಾಗಿ ರೇಷನ್ ಅಂಗಡಿಯ ಮುಂದೆ ನಿಂತ ಕಾಲ. ಅಣ್ಣ ಊರಲ್ಲಿ ಉಳಿದ. ತಮ್ಮ ಸೊಲ್ಲಾಪುರದ ಗಿರಣಿಯ ಕೂಲಿಗೆ ಹೋದ. ಮಳೆ ಬಂದ ಮೇಲೆ ತಮ್ಮ ತಿರುಗಿ ಬಂದಾಗ ಹಳ್ಳದ ದಂಡೆಯ ಹೊಲ ಕೈಬಿಟ್ಟಿತ್ತು. ಅಲ್ಲಿಂದ ಒಂದು ಮನೆಯ ಮಕ್ಕಳು ‘ದೊಡ್ಡಪ್ಪ ಹೊಲ ನುಂಗಿದ’ ಎಂಬ ಮಾತು ಕೇಳುತ್ತ ಬೆಳೆದರು. ಇನ್ನೊಂದು ಮನೆಯ ಮಕ್ಕಳು ‘ಕಾಕಾ ಹಡೆದ ತಾಯಿಯನ್ನು ಬರಗಾಲದಲ್ಲಿ ಬಿಟ್ಟು ಓಡಿದ’ ಎಂಬ ಮಾತು ಕೇಳುತ್ತ ಬೆಳೆದರು. ಮೂರನೆಯ ತಲೆಮಾರಿಗೆ ಆ ಹೊಲ ಎಲ್ಲಿತ್ತೆಂಬುದೂ ತಿಳಿಯದು. ಅಣ್ಣತಮ್ಮಕಿಯ ವೈರ ಮಾತ್ರ ತಿಳಿದಿದೆ. ಮದುವೆಯ ಪತ್ರಿಕೆ ಹೋಗುವುದಿಲ್ಲ. ಸಾವಿನ ಸುದ್ದಿ ಪರರ ಬಾಯಿಂದ ತಲುಪುತ್ತದೆ.

ಇಂಥ ಮನೆಯ ಒಬ್ಬ ಮೊಮ್ಮಗಳು ವಾರಸಾ ನೋಂದಣಿಗೋ ಜಾತಿಯ ದಾಖಲೆಗೋ ಕಾಗದ ಹುಡುಕಲು ಹೊರಟಳೆಂದುಕೊಳ್ಳಬಹುದು. ಸಾತಬಾರಾ ಉತಾರದಲ್ಲಿ ಹೊಲದ ಇಂದಿನ ಒಡೆಯರ ಹೆಸರಷ್ಟೇ ಅಲ್ಲ, ಅದರ ಮೇಲಿನ ಸಾಲದ ಬೋಜಾ ಕೂಡ ಇರುತ್ತದೆ. ಹೆಸರು ಯಾವಾಗ, ಯಾವ ಕಾರಣದಿಂದ ಬದಲಾಯಿತೆಂಬುದು ಫೇರಫಾರದ ನೋಂದಿನಲ್ಲಿ ದೊರೆಯುತ್ತದೆ. ಹಳೆಯ ಹುಟ್ಟುಸಾವುಗಳು ಕೋತವಾಲ ಬುಕ್ಕಿನಲ್ಲಿವೆ. ಹೀಗೆ ನೋಡುತ್ತ ಹೋದಾಗ, ಹೊಲದ ಮೇಲೆ ಬರಗಾಲಕ್ಕಿಂತ ಮೊದಲೇ ಸೊಸಾಯಿಟಿಯ ಸಾಲವಿತ್ತು, ಆ ಸಾಲಕ್ಕೇ ಹೊಲ ಹೋಯಿತು ಎಂಬುದು ಒಂದು ಕಾಗದದಿಂದ ತಿಳಿಯುತ್ತದೆ. ಅಟ್ಟದ ಟ್ರಂಕಿನಲ್ಲಿ ಕಟ್ಟಿಟ್ಟ ಮನಿ ಆರ್ಡರಿನ ಚೀಟಿಗಳಿಂದ, ತಮ್ಮನು ತಾಯಿಯ ಹೆಸರಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದನೆಂಬುದು ತಿಳಿಯುತ್ತದೆ. ಅಣ್ಣ ನುಂಗಲಿಲ್ಲ, ತಮ್ಮ ಬಿಟ್ಟು ಓಡಲಿಲ್ಲ. ಆದರೂ ಅಣ್ಣ ಹೊಲ ಮಾರುವಾಗ ತಮ್ಮನಿಗೆ ಹೇಳಿ ಕಳಿಸಲಿಲ್ಲ. ತಮ್ಮ ಬಂದು ನಿಂತಾಗ ಕಾರಣ ಕೇಳುವ ತಾಳ್ಮೆ ತೋರಲಿಲ್ಲ. ತಪ್ಪು ಎರಡೂ ಕಡೆ ಉಳಿಯಿತು, ಆದರೆ ಮನುಷ್ಯರು ಹೊರಬಹುದಾದಷ್ಟು ಸಣ್ಣದಾಗಿ.

ಚರಿತ್ರೆ ಮನೆಯ ಗಾಯವನ್ನು ಮಾಯಿಸುವುದು ಹೀಗೆ. ಪೂರ್ವಜರು ದೊಡ್ಡವರಾಗಿದ್ದರೆಂದು ತಿಳಿದು ಯಾವ ಜಗಳವೂ ಮುಗಿಯುವುದಿಲ್ಲ. ದೇಸಗತಿಯೋ ಗೌಡಕಿಯೋ ಇತ್ತೆಂದು ತಿಳಿದರೆ ಹೊಸ ಜಗಳ ಹುಟ್ಟುವುದೂ ಉಂಟು. ಕೇಡಿಗನೆಂದು ಕೇಳಿದ ಮನುಷ್ಯ ಹಸಿದಿದ್ದನೆಂದು, ಹೆದರಿದ್ದನೆಂದು, ಮೂವತ್ತು ತುಂಬದವನಾಗಿದ್ದನೆಂದು ತಿಳಿದಾಗ ಮಾತ್ರ ಮನಸ್ಸು ಸಡಿಲುತ್ತದೆ. ಮಾತಿಲ್ಲದ ತಂದೆ, ಬಿಗಿ ಕೈಯ ಅಜ್ಜಿ, ತಟ್ಟೆಯಲ್ಲಿ ಅಗುಳು ಬಿಟ್ಟರೆ ಸಿಡಿಯುವ ದೊಡ್ಡಪ್ಪ, ಇವರ ಸ್ವಭಾವವೆಂದು ತಿಳಿದದ್ದರಲ್ಲಿ ಬರಗಾಲದ ಪಾಲೆಷ್ಟೆಂಬುದು ಆಗ ಕಾಣುತ್ತದೆ.

ಕಾಗದಗಳೆಲ್ಲ ಹೇಳಿ ಮುಗಿದ ಮೇಲೂ ಒಂದು ಮಾತು ಉಳಿದಿರುತ್ತದೆ. ಅದನ್ನು ಬಲ್ಲವಳು ಬಹುಮಟ್ಟಿಗೆ ಮನೆಯ ಮಗಳು, ಇಂಡಿಗೋ ಆಳಂದಕ್ಕೋ ಅಫಜಲಪುರಕ್ಕೋ ಕೊಟ್ಟ ಸೋದರತ್ತೆ. ಇಬ್ಬರು ಅಣ್ಣತಮ್ಮಂದಿರನ್ನೂ ಎತ್ತಿ ಆಡಿಸಿದವಳು. ನಾಗರಪಂಚಮಿಗೆ ತವರಿಗೆ ಬಂದಾಗ ಎರಡೂ ಮನೆಗಳ ಹೊಸ್ತಿಲು ತುಳಿದವಳು. ತಮ್ಮ ಊರು ಬಿಟ್ಟ ದಿನ ಅಣ್ಣ ಬುತ್ತಿ ಕಟ್ಟಿಸಿ ಅಗಸಿಯ ತನಕ ಹೋಗಿದ್ದನೆಂಬುದು ಯಾವ ಉತಾರದಲ್ಲಿಯೂ ಇರುವುದಿಲ್ಲ. ಅವಳ ನೆನಪಿನಲ್ಲಿ ಇರುತ್ತದೆ. ಹೆಳವರ ಹೊತ್ತಿಗೆ ಗಂಡುಮಕ್ಕಳ ಸಾಲನ್ನು ಹಿಡಿದು ನಡೆಯುವಂಥದು. ಕೊಟ್ಟ ಮನೆಗೆ ಹೋದ ಹೆಣ್ಣುಮಗಳು ಆ ಸಾಲಿನಿಂದ ಜಾರಿ ಹೋಗುತ್ತಾಳೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೊರೆತಿದೆ. ಆ ಬಳಿಕ ಎಷ್ಟೋ ಮನೆಗಳಲ್ಲಿ ಅತ್ತೆಯನ್ನು ಹುಡುಕಿಕೊಂಡು ಹೋಗುವುದು ಹಕ್ಕುಸೋಡ ಪತ್ರಕ್ಕೆ ಅವಳ ಸಹಿ ಬೇಕಾದಾಗ ಮಾತ್ರ. ಸಹಿಗಾಗಿ ಹೋದವರು ಅವಳ ಮಾತಿಗಾಗಿಯೂ ಒಂದು ಹಗಲು ಕುಳಿತರೆ, ಪಾಲಿನ ಮಾತೂ ಬೇರೆ ದನಿಯಲ್ಲಿ ನಡೆದೀತು.

ಗಡಿನಾಡಿನ ಮನೆಗಳಿಗೆ ಈ ಹುಡುಕಾಟದಲ್ಲಿ ಇನ್ನೊಂದು ತೊಡಕಿದೆ. ಅಕ್ಕಲಕೋಟೆಯೂ ಜತ್ತವೂ 1948ರವರೆಗೆ ಸಂಸ್ಥಾನಗಳು. ಸೊಲ್ಲಾಪುರ, ಇಂಡಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಳಂದ, ಅಫಜಲಪುರಗಳು ನಿಜಾಮರ ರಾಜ್ಯಕ್ಕೆ. 1956ರಲ್ಲಿ ವಿಜಾಪುರ, ಗುಲಬರ್ಗಾ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಈ ಕಡೆಯ ಊರುಗಳು ಇಲ್ಲಿಯೇ ಉಳಿದವು. ಒಂದೇ ಮನೆತನದ ಕಾಗದಗಳು ಮೂರು ನಾಲ್ಕು ಆಡಳಿತಗಳ ಕಚೇರಿಗಳಲ್ಲಿ ಹಂಚಿಹೋಗಿವೆ. ಅಜ್ಜನ ಕಾಲದ ಪತ್ರ ಮೋಡಿ ಲಿಪಿಯಲ್ಲಿದೆ, ಅಜ್ಜಿಯ ಮಾತು ಕನ್ನಡದಲ್ಲಿದೆ, ಮೊಮ್ಮಗನ ಶಾಲೆ ಮರಾಠಿಯದೋ ಇಂಗ್ಲಿಷಿನದೋ ಆಗಿದೆ. ಮೋಡಿ ಓದುವವರು ಇನ್ನೂ ಇದ್ದಾರೆ. ದುಡ್ಡು ಕೊಟ್ಟು ಓದಿಸಬಹುದು. ಅಜ್ಜಿಯ ಮಾತನ್ನು ಹಾಗೆ ಓದಿಸಲು ಬರುವುದಿಲ್ಲ, ಅವಳಿರುವಾಗಲೇ ಕೇಳಬೇಕು. ಮೊಮ್ಮಗನಿಗೆ ಕನ್ನಡ ಅಕ್ಷರ ಬಾರದಿದ್ದರೆ ಅವಳ ಕನ್ನಡವನ್ನು ದೇವನಾಗರಿಯಲ್ಲಿಯೇ ಬರೆದುಕೊಳ್ಳಲಿ. ತಪ್ಪಿಲ್ಲ. ಅವಳ ಮಾತು ಅವಳ ಮಾತಾಗಿಯೇ ಉಳಿದರೆ, ಅದನ್ನು ಅದರದೇ ಅಕ್ಷರದಲ್ಲಿ ಓದುವ ಆಸೆ ಮುಂದೊಂದು ದಿನ ತಾನಾಗಿ ಹುಟ್ಟಬಹುದು.

ಕೇಳುವುದಕ್ಕೂ ಒಂದು ರೀತಿಯಿದೆ. ಪಾಲು ಹಂಚುವ ದಿನ ಕೇಳಬಾರದು. ಸಾಕ್ಷಿ ಕೇಳಿದಂತೆ ಕೇಳಬಾರದು. ಜಗಳದಿಂದ ಆರಂಭಿಸದೆ ಒಂದು ವಸ್ತುವಿನಿಂದ ಆರಂಭಿಸುವುದು ಮೇಲು. ಮದುವೆಯಲ್ಲಿ ಮುಯ್ಯಿ ಬಂದ ತಾಮ್ರದ ಕೊಡದ ಮೇಲೆ ಕೊಟ್ಟವರ ಹೆಸರು ಕೊರೆದಿರುತ್ತದೆ. ಈ ಹೆಸರು ಯಾರದೆಂದು ಕೇಳಿದರೆ ಸಾಕು, ಅಜ್ಜಿ ಒಂದು ಸಂಜೆಯೆಲ್ಲ ಹೇಳುತ್ತಾಳೆ. ಹೇಳಲೊಲ್ಲದೆ ಸುಮ್ಮನಾದ ಕಡೆ ಕೇಳುವವರೂ ಸುಮ್ಮನಾಗಬೇಕು. ಪ್ರತಿ ಮನೆಯಲ್ಲಿಯೂ ಬಾಲ್ಯದಲ್ಲಿ ವಿಧವೆಯಾದವಳೊಬ್ಬಳು, ಹೇಳದೆ ಹೋದವನೊಬ್ಬ, ಅನ್ಯಾಯ ಮಾಡಿದವನೊಬ್ಬ ಇದ್ದಿರಬಹುದು. ಎಲ್ಲವನ್ನೂ ಕ್ಷಮಿಸಲೇಬೇಕೆಂದಿಲ್ಲ. ಅನ್ಯಾಯವನ್ನು ಅನ್ಯಾಯವೆಂದು ಮನೆಯವರೇ ಒಪ್ಪಿದರೆ, ನೊಂದವರ ಮಕ್ಕಳಿಗೆ ಅಷ್ಟೇ ದೊಡ್ಡ ಸಮಾಧಾನ.

ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಹೊಸ ಮಕ್ಕಳ ಹೆಸರು ಕೇಳುತ್ತಾರೆ. ಹೆಣ್ಣುಮಕ್ಕಳ ಹೆಸರನ್ನೂ ಬರೆದುಕೊಳ್ಳಿರೆಂದು ಮನೆಯವರು ಹೇಳಬಹುದು. ಗೋಡೆಯಾಚೆಯ ಮನೆಯವರನ್ನು ಅದೇ ಅಂಗಳಕ್ಕೆ ಕರೆಯಲೂಬಹುದು. ಹೇಗಿದ್ದರೂ ಅಲ್ಲಿ ಕೇಳುವುದು ಇಬ್ಬರಿಗೂ ಸೇರಿದ ಹೆಸರುಗಳನ್ನೇ. ಎರಡು ಕಡೆ ಕುಳಿತು ಕೇಳುವ ಬದಲು ಒಂದೇ ಜಮಖಾನೆಯ ಮೇಲೆ ಕುಳಿತು ಕೇಳಿದರೆ, ಇಬ್ಬರು ಮಕ್ಕಳೆಂಬ ಮಾತು ಬಂದಾಗ ಎರಡೂ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ.