ಗೆರೆಗೆ ಮೊದಲು ಶ್ರುತಿ

ವೇದಿಕೆಯ ಮೇಲೆ ವಿದ್ವಾಂಸರು ತಂಬೂರಿಯನ್ನು ಮಿಡಿದು ಶ್ರುತಿಗೂಡಿಸುತ್ತಿರುವಾಗ, ಸಭೆಯ ಹಿಂದುಗಡೆ ಮಿಕ್ಸರಿನ ಮುಂದೆ ಕುಳಿತ ಸೌಂಡ್ ಎಂಜಿನಿಯರು ತಲೆಯೆತ್ತದೆ ಕಂಪ್ಯೂಟರಿನ ತೆರೆಯ ಮೇಲೆ ಏರಿಳಿಯುವ ಗೆರೆಯೊಂದನ್ನೇ ದಿಟ್ಟಿಸುತ್ತಿರುವ ದೃಶ್ಯವು ಈಗಿನ ಸಂಗೀತ ಕಚೇರಿಗಳಲ್ಲಿ ಸಾಮಾನ್ಯವಾಗಿದೆ. 20 ಹರ್ಟ್ಜಿನಿಂದ 20,000 ಹರ್ಟ್ಜಿನವರೆಗೆ, ಮನುಷ್ಯನಿಗೆ ಶ್ರವಣಗೋಚರವಾಗತಕ್ಕ ನಾದವನ್ನೆಲ್ಲ ಆವರ್ತನಗಳಾಗಿ ವಿಂಗಡಿಸಿ ತೋರಿಸುವ ಸ್ಪೆಕ್ಟ್ರಂ ಅನಲೈಸರ್ ಎಂಬ ತಂತ್ರಾಂಶವು ಉಪಕಾರಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ದೋಷವನ್ನು ಹುಡುಕಲು ಒದಗಿದ ಆ ಸಾಧನಕ್ಕೆ ಗುಣವನ್ನು ನಿರ್ಣಯಿಸುವ ಅಧಿಕಾರವನ್ನೂ ವಹಿಸಿಕೊಡುವುದು ಉಚಿತವಲ್ಲ.

ವಿದ್ಯುತ್ತಂತಿಯಿಂದ ನುಸುಳಿದ ಗುಂಯ್‌ಕಾರವು 50 ಹರ್ಟ್ಜಿನಲ್ಲಿಯೂ ಅದರ ಗುಣಕಗಳಲ್ಲಿಯೂ ನೆಟ್ಟಗೆ ಎದ್ದು ಕಾಣುತ್ತದೆ. ಧ್ವನಿವರ್ಧಕದ ದನಿಯು ಮರಳಿ ಮೈಕನ್ನು ಹೊಕ್ಕು ಕಿರುಚಿದಾಗ, ಆ ಕಿರುಚು ಯಾವ ಆವರ್ತನದ್ದೆಂಬುದನ್ನು ಗೆರೆಯು ಕ್ಷಣಮಾತ್ರದಲ್ಲಿ ತಿಳಿಸುತ್ತದೆ. ಮೂರು ಗಂಟೆ ಗಟ್ಟಿದನಿಯನ್ನು ಕೇಳಿ ದಣಿದ ಕಿವಿಯನ್ನೇ ನಂಬಿ ತಾರಧ್ವನಿಯನ್ನು ಏರಿಸುತ್ತ ಹೋಗುವವನನ್ನು ಎಚ್ಚರಿಸುವುದೂ ಅದೇ.

ತೊಡಕು ಹುಟ್ಟುವುದು, ಗೆರೆಯಲ್ಲಿ ಎದ್ದ ಶಿಖರವೆಲ್ಲವೂ ದೋಷವೆಂದು ಬಗೆದು ಅದನ್ನು ತಗ್ಗಿಸಹೊರಟಾಗ. ಮೃದಂಗದ ಬಲಮುಖದ ನಡುವೆ ಮೆತ್ತುವ ಕರಣೆಯು, ಬರಿಯ ಚರ್ಮದಲ್ಲಿ ಒಂದಕ್ಕೊಂದು ಹೊಂದದೆ ಚೆದರುವ ಉಪಸ್ವರಗಳನ್ನು ಮೂಲಸ್ವರದ ಗುಣಕಗಳಾಗಿ ಶ್ರೇಣಿಗೆ ತರುತ್ತದೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿಯೇ ತೋರಿಸಿಕೊಟ್ಟರು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇರಿಸುವ ಜೀವಾಳದ ಎಳೆಯೂ ಉಪಸ್ವರಗಳನ್ನು ಬೆಳಗಿಸುವುದಕ್ಕಾಗಿಯೇ ಇರುವುದು. ತಲೆಮಾರುಗಳ ಕುಶಲಿಗಳು ಕಿಟ್ಟದ ಪುಡಿಯನ್ನು ಅನ್ನದೊಡನೆ ಅರೆದು, ಪದರಪದರವಾಗಿ ಮೆತ್ತಿ, ತಿಕ್ಕಿ ಸಂಪಾದಿಸಿದ ಆ ಶಿಖರಗಳನ್ನು ಸಪಾಟು ಮಾಡಿದರೆ ಉಳಿಯುವುದು ಚರ್ಮದ ಸದ್ದು. ಅಲ್ಲದೆ, ಗೆರೆಗೆ ಸಮವಾದದ್ದು ಕಿವಿಗೆ ಸಮವಲ್ಲ: ದನಿ ಮೆಲ್ಲಗಾದಂತೆ ಮಂದ್ರವು ಕಿವಿಗೆ ಇನ್ನಷ್ಟು ಕ್ಷೀಣವಾಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ಪ್ರಕಟಿಸಿದ್ದಾರೆ.

ಆದ್ದರಿಂದ ಸಭೆಗಳ ವ್ಯವಸ್ಥಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಹಾರತುರಾಯಿಗಳಿಗೂ ಸ್ವಾಗತಭಾಷಣಗಳಿಗೂ ಧಾರಾಳವಾಗಿ ವ್ಯಯಿಸುವ ಕಾಲದಲ್ಲಿ ಅರ್ಧಗಂಟೆಯನ್ನುಳಿಸಿ, ಕಚೇರಿಗೆ ಮುನ್ನ ಕಲಾವಿದರನ್ನೂ ಎಂಜಿನಿಯರನ್ನೂ ಒಟ್ಟಿಗೆ ಕೂಡಿಸಲಿ. ಶ್ರುತಿ ಸೇರಿದ ಮೃದಂಗವನ್ನು ಅವನು ಮೈಕಿಲ್ಲದೆ, ಎದುರಿಗೆ ಕುಳಿತು ಕೇಳಲಿ. ಹಾಗೆ ಕೇಳಿ ಬಂದವನಿಗೆ, ಯಾವ ಶಿಖರ ಕರಣೆಯದು, ಯಾವುದು ಚಪ್ಪರದ ತಗಡಿನದು ಎಂಬುದನ್ನು ಆಮೇಲೆ ಗೆರೆಯೇ ತೋರಿಸಿಕೊಡುತ್ತದೆ.